ಜಿಮ್ ಬಟ್ಟೆಗೆ ಗಂಜಿ ಹಾಕಿದ ಮನೆ

ನಲವತ್ತೆಂಟರ ಹೆಂಗಸು ಜಿಮ್ಮಿಗೆ ಸೇರಿದರೆ ಮದ್ದೂರಿನಲ್ಲಿ ದಿನಕ್ಕೊಂದು ತಮಾಷೆ ಗ್ಯಾರಂಟಿ. ನನ್ನವೆಲ್ಲ ಒಗೆಯುವ ಕಲ್ಲಿನ ಸುತ್ತಲೇ ನಡೆಯುತ್ತವೆ. ಮಂಡಿ ನೋವಿಗೆಂದು ಸೇರಿದವಳು ಈಗ ಹನಕೆರೆ ರೈಲ್ವೆ ಸ್ಟೇಷನ್ನಿನ ಮೆಟ್ಟಿಲನ್ನು ಉಸ್ಸಪ್ಪಾ ಅನ್ನದೆ ಹತ್ತಿ ಸ್ಕೂಲಿಗೆ ಪಾಠ ಮಾಡಲು ಹೋಗುತ್ತೇನೆ. ಜಿಮ್ಮು ಬಿಡುವ ಮಾತೇ ಇಲ್ಲ. ಆದರೆ ಬೆವರಿನ ಬಟ್ಟೆ ಮೂಸಿದ ಅತ್ತೆ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ಈ ವಾಸ್ನೆ ಓಗ್ಬೇಕು, ಇಲ್ಲಾ ಆ ಜಿಮ್ಮು ಓಗ್ಬೇಕು ಕಣಮ್ಮ."

ಪುಡಿ

ಅಂಗಡಿಯವನನ್ನು ಕೇಳಿದೆ, "ಜಿಮ್ ಬಟ್ಟೆ ಒಗೆಯೋಕೆ ಯಾವ ಪುಡಿ ಒಳ್ಳೇದು?"

"ಮಗನ್ಗಾ ಅಕ್ಕ?"

"ನನಗೆ."

ಅವನು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದ. "ಅಂಗಾದ್ರೆ ದೊಡ್ಡ ಪ್ಯಾಕೆಟ್ಟೇ ತಕಳಿ."

ನೊರೆ

ದೊಡ್ಡದನ್ನೇ ತಂದೆ, ಹಠಕ್ಕೆ. ವಾಸನೆ ಸಾಯಲಿ ಅಂತ ಬೊಗಸೆಗಟ್ಟಲೆ ಸುರಿದು ಒಗೆದೆ. ಮಾರನೆಯ ದಿನ ಟ್ರೆಡ್‌ಮಿಲ್ ಮೇಲೆ ಓಡುತ್ತಿದ್ದಾಗ ಜಿಮ್ಮಿನ ಕೋಚು ಬಂದು ಮಷೀನು ನಿಲ್ಲಿಸಿದರು.

"ಯಾಕೆ? ಈಗ ತಾನೇ ಬೆವರು ಬರ್ತಾ ಇದೆ," ಅಂದೆ.

"ಬೆವರಲ್ಲ ಮೇಡಂ, ನೊರೆ."

ಪುಡಿ ಜಾಸ್ತಿಯಾದರೆ ಈ ಬಟ್ಟೆಯೊಳಗೇ ಉಳಿದು ವಾಸನೆ ಇನ್ನೂ ಹಿಡಿದುಕೊಳ್ಳುತ್ತದಂತೆ. ಒಳಮಗ್ಗುಲು ಹೊರಗೆ ತಿರುಗಿಸಿ, ತಣ್ಣೀರಿಗೆ ಒಂದೇ ಮುಚ್ಚಳ ಲಿಕ್ವಿಡ್ ಸೋಪು ಹಾಕಿ ಒಗೆಯಬೇಕಂತೆ. ಅವರು ಹೇಳುವಾಗಲೂ ನನ್ನ ಕಂಕುಳಲ್ಲಿ ಸೋಪಿನ ಗುಳ್ಳೆ ಒಡೆಯುತ್ತಿತ್ತು.

ಗಂಜಿ

ನಾನು ಲಿಕ್ವಿಡ್ ತರುವಷ್ಟರಲ್ಲಿ ಅತ್ತೆ ಕೈಹಾಕಿದ್ದರು. ಮಾವನ ಬಿಳಿ ಶರ್ಟುಗಳ ಜೊತೆ ನನ್ನ ಟೀ ಶರ್ಟನ್ನೂ ಕುಕ್ಕಿ, ನೀಲಿಗೆ ಅದ್ದಿ, ಗಟ್ಟಿ ಗಂಜಿ ಹಾಕಿ ಒಣಗಿಸಿದ್ದರು. ನಾನು ಬಂದಾಗ ಅದು ಗೋಡೆಗೆ ಒರಗಿ ನಿಂತಿತ್ತು.

"ಎಂಗದೆ ನೋಡು! ನಿಮ್ಮಾವ ಇದ್ನೇ ಇಕ್ಕಂಡು ಮದ್ವೆಗೋಗ್ಬೋದು," ಅಂದರು.

ಛಲ ಬಿಡದೆ ಅದನ್ನೇ ಹಾಕಿಕೊಂಡು ಹೋದೆ. ಕೈ ಎತ್ತಿದಾಗೆಲ್ಲ ಹಪ್ಪಳ ಮುರಿದ ಸದ್ದು. ಪಕ್ಕದಲ್ಲಿ ವ್ಯಾಯಾಮ ಮಾಡುತ್ತಿದ್ದವರು ಗಾಬರಿಯಾಗಿ, "ಮೇಡಂ, ಮೂಳೆಯಾ?" ಅಂದರು.

ತಂತಿ

ಕೊನೆಗೆ ಕೋಚು ಹೇಳಿದಂತೆಯೇ ಒಗೆದು, ಗಾಳಿ ಚೆನ್ನಾಗಿ ಬೀಸುವ ಬೀದಿ ಬದಿಯ ತಂತಿಗೆ ಪ್ಯಾಂಟು ಹಾಕಿದೆ. ಎದುರುಮನೆ ಯಜಮಾನರು ಪಂಚೆ ಎತ್ತಿಕಟ್ಟಿಕೊಂಡು ಬಂದೇಬಿಟ್ಟರು.

"ಮರ್ವಾದಸ್ತರ ಬೀದಿ ಕಣಮ್ಮ ಇದು. ಎಂಗುಸ್ರು ಬಿಗಿ ಪ್ಯಾಂಟ್ನ ಇಂಗೆ ರಸ್ತೆ ಕಡೀಕೆ ನೇತಾಕ್ತಾರಾ? ಮೊದ್ಲು ತಗಿ."

"ತೆಗೆಯಲ್ಲ," ಅಂದೆ. ಪ್ಯಾಂಟಿಗೆ ಇನ್ನೊಂದು ಕ್ಲಿಪ್ಪು ಸಿಕ್ಕಿಸಿದೆ.

ಜಗಳದ ಸದ್ದಿಗೆ ಅತ್ತೆ ಹೊರಬಂದರು. ಇಲ್ಲಿಗೆ ನನ್ನ ಜಿಮ್ಮು ಮುಗಿಯಿತು ಅಂದುಕೊಂಡೆ. ಅವರು ಸೀದಾ ತಂತಿಯ ಹತ್ತಿರ ಹೋಗಿ ಪ್ಯಾಂಟನ್ನು ಮೂಗಿಗೆ ಹಿಡಿದು ಚೆನ್ನಾಗಿ ಮೂಸಿದರು. ಆಮೇಲೆ ಯಜಮಾನರ ಕಡೆ ತಿರುಗಿದರು.

"ವಾಸ್ನೆ ಇಲ್ಲ, ಇಲ್ಲೇ ಇರ್ಲಿ ಬುಡು. ಅಲ್ಲ ಕಣಪ್ಪ, ನನ್ ಸೊಸೆ ಪ್ಯಾಂಟು ತಂತಿ ಮ್ಯಾಲದೆ. ನಿನ್ ಪಟಾಪಟಿ ಚಡ್ಡಿ ಬೀದೀಲೇ ನಿಂತದಲ್ಲ!"

ಯಜಮಾನರು ಒಮ್ಮೆ ಕೆಳಗೆ ನೋಡಿಕೊಂಡು ಮೆಲ್ಲಗೆ ಪಂಚೆ ಇಳಿಸಿದರು.