ಇಂಜಿನ್ನಿನ ಅಡಿಗೆ ಹಲಸಿನ ತುಂಡು

ಹಳೇ ಕಾರು ಇಟ್ಟುಕೊಂಡವರು ನಗಲಿಕ್ಕೆ ಕಾರಣ ಹುಡುಕಬೇಕಾಗಿಲ್ಲ. ಅವರನ್ನು ನೋಡಿ ಊರೇ ನಗುತ್ತಿರುತ್ತದೆ. ಲಾಯಿಲದ ಧಣಿಗಳ ಕಾರಿಗೆ ಡ್ರೈವರೂ ನಾನೇ, ಮೆಕ್ಯಾನಿಕ್ಕೂ ನಾನೇ. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಜಿಲ್ಲೆ ಬಂತು, ಕಾರಿನ ಸಾಮಾನು ಮಾತ್ರ ಮದ್ರಾಸಿನಲ್ಲೇ ಉಳಿಯಿತು. ಆಗಲೇ ನಮ್ಮ ಮೌಂಟಿಂಗ್ ರಬ್ಬರ್ ಹರಿಯಬೇಕೇ! ಇಂಜಿನ್ನಿನ ನಡುಕವನ್ನೆಲ್ಲ ನುಂಗುವ ತುಂಡು ಅದು. ಅದಿಲ್ಲದಿದ್ದರೆ ಒಳಗೆ ಕೂತವರು ನಡುಗಬೇಕು.

ಧಣಿಗಳಿಗೆ ಗಡಿಬಿಡಿ. ದೊಡ್ಡ ಮಗಳಿಗೆ ಮೂಡುಬಿದಿರೆಯ ಸಂಬಂಧ ಬಂದಿತ್ತು. ಹುಡುಗ, ಹುಡುಗಿ ಇಬ್ಬರಿಗೂ ಒಪ್ಪಿಗೆ. ಹುಡುಗನ ಅಪ್ಪ ಮಾತ್ರ ಏನು ಕೇಳಿದರೂ "ನೋಡುವ" ಅನ್ನುವ ಆಸಾಮಿ. ಮಾತುಕತೆಗೆ ಅವರನ್ನು ಕಾರಿನಲ್ಲೇ ಕರೆತಂದು ಬಿಟ್ಟುಬರಬೇಕು.

"ಏನಾದರೂ ಮಾಡು ಮಾರಾಯ," ಅಂದರು ಧಣಿಗಳು. "ಈ ಸಂಬಂಧ ತಪ್ಪಿದರೆ ಹೆಂಡತಿ ನನ್ನನ್ನು ಮನೆಯೊಳಗೆ ಸೇರಿಸಲಿಕ್ಕಿಲ್ಲ."

ಕೊಕ್ಕಡದ ರಬ್ಬರು

ರಬ್ಬರಿಗೆ ರಬ್ಬರೇ ಸರಿ ಎಂದು ಕೊಕ್ಕಡದ ತೋಟದಿಂದ ಹಸಿ ಶೀಟು ತಂದು ಮಡಚಿ ಇಟ್ಟೆ. ಹಾ, ಕಾರು ಹೋಯಿತು ನೋಡಿ, ತೊಟ್ಟಿಲು! ಪರೀಕ್ಷೆಗೆಂದು ಬಂಟ್ವಾಳಕ್ಕೆ ಹೊರಟೆವು. ತಲುಪುವಷ್ಟರಲ್ಲಿ ಬಿಸಿಗೂ ಆಯಿಲಿಗೂ ಅದು ಕರಗಿ ಎಲ್ಲ ಕಡೆ ಅಂಟಿತು. ಬಾನೆಟ್ಟಿನೊಳಗೆ ಬಗ್ಗಿದ ಧಣಿಗಳ ಶಾಲೂ ಅಂಟಿತು. ಎಳೆದರೆ ಬರುವುದಿಲ್ಲ, ಬಿಡಲಿಕ್ಕೆ ಮನಸ್ಸಿಲ್ಲ.

ದಾರಿಹೋಕನೊಬ್ಬ ನಿಂತು ಕೇಳಿದ: "ಏನು ಧಣಿ, ಕಾರನ್ನು ಕಟ್ಟಿಹಾಕಿದ್ದೀರಿ? ಹಾಯುತ್ತದಾ?"

ಎಮ್ಮೆ ಚರ್ಮ

ಮುಂದೆ ಚಪ್ಪಲಿಗೆ ಹಾಕುವ ದಪ್ಪ ಚರ್ಮ ತಂದೆ. ಮೆತ್ತಗಾಗಲಿ ಎಂದು ಅದನ್ನು ಮೀನೆಣ್ಣೆಯಲ್ಲಿ ನೆನೆಸಿದೆ. ಆ ಬುದ್ಧಿ ನನ್ನದಲ್ಲ, ಧಣಿಗಳದ್ದು. ಇಂಜಿನ್ ಕಾದದ್ದೇ ತಡ, ಪರಿಮಳ ಎದ್ದಿತು. ಬಂಟ್ವಾಳ ಪೇಟೆಯ ನಾಯಿಗಳೆಲ್ಲ ನಮ್ಮ ಹಿಂದೆ! ಧಣಿಗಳು ಕೊಡೆ ಬೀಸಿದಷ್ಟೂ ಅವಕ್ಕೆ ಉತ್ಸಾಹ.

ಹೋಟೆಲಿನವರು ಬಾಗಿಲಿಗೆ ಬಂದು ಕೈಮುಗಿದರು: "ಜನ ಜೋರುಂಟು. ಚುನಾವಣೆಗೆ ನಿಂತಿರಾ?"

ಹಲಸು

ಕೊನೆಗೆ ಆಚಾರಿ ಹಲಸಿನ ತುಂಡು ಕೆತ್ತಿಕೊಟ್ಟ. "ಇದು ಜನ್ಮಕ್ಕೆ ಕರಗುವುದಿಲ್ಲ, ನಾಯಿಯೂ ಮೂಸುವುದಿಲ್ಲ," ಅಂದ. ಮಾತು ಸುಳ್ಳಲ್ಲ. ಆದರೆ ಮರ ನಡುಕ ನುಂಗುತ್ತದಾ?

ನಾನು ಬೋಲ್ಟು ಬಿಗಿಯುವಷ್ಟರಲ್ಲಿ ಹುಡುಗನ ಅಪ್ಪ ಬಸ್ಸಿನಲ್ಲೇ ಬಂದು, ಉಂಡು, "ನೋಡುವ" ಎಂದು ಎದ್ದೂ ಆಗಿತ್ತು. ಧಣಿಗಳ ಮುಖ ಬಾಡಿತ್ತು. ಬಿಟ್ಟಾದರೂ ಬರುವ ಎಂದು ಅವರನ್ನು ಕಾರಿಗೆ ಹತ್ತಿಸಿ, ಸ್ಟಾರ್ಟು ಮಾಡಲಿಕ್ಕೆ ಹ್ಯಾಂಡಲ್ ತಿರುಗಿಸಿದೆ.

ಅಬ್ಬಬ್ಬಾ! ಬಾಗಿಲು, ಗಾಜು, ಸೀಟು, ಸೀಟಿನ ಮೇಲಿನ ಮನುಷ್ಯ, ಎಲ್ಲ ಕುಣಿಯತೊಡಗಿತು.

ಅಷ್ಟರಲ್ಲಿ ಧಣಿಗಳ ಮುದಿ ಅಮ್ಮ ತಾಂಬೂಲದ ತಟ್ಟೆ ಹಿಡಿದು ಕಿಟಕಿಗೆ ಬಂದರು. "ಕಡೆಯದಾಗಿ ಕೇಳುತ್ತೇನೆ. ನಮ್ಮ ಹುಡುಗಿ ನಿಮಗೆ ಒಪ್ಪಿಗೆಯಾ?"

ಆ ಮಹಾನುಭಾವರು ಬಾಯಿ ತೆರೆದರು. ಹಲ್ಲು ಕಟಕಟ ಎಂದಿತೇ ಹೊರತು ಮಾತು ಹೊರಡಲಿಲ್ಲ. ತಲೆ ಮಾತ್ರ ಮೇಲೆ ಕೆಳಗೆ, ಮೇಲೆ ಕೆಳಗೆ, ನಿಲ್ಲುವುದೇ ಇಲ್ಲ.

"ಒಪ್ಪಿದರು!" ಎಂದು ಅಜ್ಜಿ ತಟ್ಟೆಯನ್ನು ಅವರ ತೊಡೆಯ ಮೇಲಿಟ್ಟರು. ಅದೂ ಕುಣಿದು ಬೀಳಲಿಕ್ಕೆ ಹೊರಟಿತು. ಪಾಪ, ಅವರು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಎರಡು ಕೈಯಲ್ಲಿ ತಾಂಬೂಲ ಹಿಡಿದ ಮೇಲೆ ಮುಗಿಯಿತಲ್ಲ? ಒಳಗಿನಿಂದ ಹೆಂಗಸರ ನಗು, ಅದರಲ್ಲಿ ಹುಡುಗಿಯದ್ದೇ ಜೋರು. ನಾನು ತಡಮಾಡದೆ ಗಾಡಿ ಬಿಟ್ಟೆ.

ಮದುವೆ ಗಡದ್ದಾಗಿ ಆಯಿತು. ಆಮೇಲೊಂದು ದಿನ ಮದ್ರಾಸಿನಿಂದ ಅಸಲಿ ರಬ್ಬರೂ ಬಂತು. ನಾನು ಸ್ಪ್ಯಾನರ್ ಹಿಡಿದು ಕಾರಿನಡಿ ನುಗ್ಗಿದ್ದೆ ಅಷ್ಟೆ, ಧಣಿಗಳು ಓಡಿ ಬಂದು ನನ್ನ ಕಾಲು ಹಿಡಿದು ಹೊರಗೆಳೆದರು.

"ಮುಟ್ಟಬೇಡ ಮಾರಾಯ! ಇನ್ನೂ ಇಬ್ಬರು ಹೆಣ್ಣುಮಕ್ಕಳುಂಟು."