ಮಾವನವರು ಆರಿಸಿದ ಸಾಧು ವಿಮಾನ

ವಿಮಾನದ ಹಲ್ಲು ನೋಡಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇರುವುದು, ಅವರು ನಮ್ಮ ಮಾವನವರು! ನಗಬೇಡಿ. ಆಗ ಪಕ್ಕದಲ್ಲಿ ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದವಳು ನಾನೇ.

ಅವರು ಯಾರು ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಚಳ್ಳಕೆರೆ ಸುತ್ತಮುತ್ತ ಯಾರು ಎತ್ತು ಕೊಳ್ಳಬೇಕಾದರೂ ಮೊದಲು ನಮ್ಮ ಮನೆಯ ಜಗಲಿಗೆ ಬಂದು ಕೂರುತ್ತಿದ್ದರು. ನಾಯಕನಹಟ್ಟಿಯಿಂದ ಬರುತ್ತಿದ್ದರು, ಬಿ.ಜಿ. ಕೆರೆಯಿಂದಲೂ ಬರುತ್ತಿದ್ದರು. ಮಾವನವರು ಹೋಗಿ, ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡಿ, ಮೈಮೇಲಿನ ಸುಳಿ ಹುಡುಕಿ, ಹತ್ತು ಹೆಜ್ಜೆ ನಡೆಸಿ, "ತಗಾ" ಅಂದರೆ ತಗೊಂಡರು, "ಬಿಡು" ಅಂದರೆ ಬಿಟ್ಟರು. ಮೊಳಕಾಲ್ಮೂರಿಗೆ ನನ್ನನ್ನು ನೋಡಲು ಬಂದ ದಿನವೂ ಹತ್ತು ಹೆಜ್ಜೆ ನಡೆಸಿದ್ದರು. ಹಲ್ಲು ನೋಡಲಿಲ್ಲ, ದೇವರು ದೊಡ್ಡವನು!

ಅಂಥವರಿಗೆ ಒಂದು ಬೆಳಿಗ್ಗೆ ಲಕ್ವ ಹೊಡೆಯಿತು. ಎಡಗೈ ಹೋಯಿತು. ಕಾಲು ಉಳಿಯಿತು, ಮಾತು ಉಳಿಯಿತು. ಮಾತು ಉಳಿಸಿಕೊಟ್ಟನಲ್ಲ ಎಂದು ತಿಪ್ಪೇಸ್ವಾಮಿಗೆ ಕಾಯಿ ಒಡೆಸಿಕೊಂಡು ಬಂದೆ. ಒಂದು ತಿಂಗಳು ಅವರ ಬೈಗುಳ ಕೇಳಿದ ಮೇಲೆ, ಕಾಯಿ ಒಡೆಸುವುದಕ್ಕೆ ಸ್ವಲ್ಪ ಅವಸರ ಮಾಡಿದೆನೇನೋ ಅನ್ನಿಸಿತು.

ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, "ದಿನಾ ನೂರು ಸಲ ಅದುಮಬೇಕು. ಬೆರಳಿಗೆ ಈಗ ಕೆಲಸ ಕೊಡದೇ ಇದ್ರೆ ಅವು ಕೆಲಸ ಮಾಡೋದನ್ನೇ ಮರೆತುಬಿಡ್ತವೆ" ಅಂದಿದ್ದರು. ಮಾವನವರು ಎರಡು ದಿನ ಅದುಮಿದರು. ಮೂರನೆಯ ದಿನ ನನ್ನನ್ನು ಕರೆದು ಕೇಳಿದರು:

"ಏನವ್ವಾ, ಇದನ್ನ ಅದುಮಿದ್ರೆ ಹಾಲು ಬರ್ತದಾ?"

"ಇಲ್ಲ ಮಾವ."

"ಎಣ್ಣೆ?"

"ಅದೂ ಬರಲ್ಲ."

"ಮತ್ತೆ ಸುಮ್ಮನೆ ಯಾಕೆ ಅದುಮಬೇಕು?"

ಚೆಂಡು ಪಕ್ಕದ ಮನೆಯ ಹೆಂಚಿನ ಮೇಲೆ ಹೋಗಿ ಕೂತಿತು. ಎಸೆದದ್ದು ಬಲಗೈಯಲ್ಲಿ, ಅದೇ ನನಗೆ ಸಂಕಟ. ಎಡಗೈ ಮಾತ್ರ ತೊಡೆಯ ಮೇಲೆ ಒಗೆದ ಬಟ್ಟೆಯ ಹಾಗೆ ಬಿದ್ದಿತ್ತು.

ಆಮೇಲೊಂದು ದಿನ ಪೇಪರಿನಲ್ಲಿ ಅವರು ಒಂದು ಚಿತ್ರ ನೋಡಿದರು. ಯಾರೋ ಒಬ್ಬ ಬಯಲಿನಲ್ಲಿ ನಿಂತು, ಕೈಯಲ್ಲೊಂದು ಡಬ್ಬಿ ಹಿಡಿದು, ಆಕಾಶದಲ್ಲಿ ಪುಟಾಣಿ ವಿಮಾನ ಹಾರಿಸುತ್ತಿದ್ದ. ಡಬ್ಬಿಗೆ ಎರಡು ಕಡ್ಡಿ, ಎರಡು ಕಡ್ಡಿಗೂ ಎರಡು ಹೆಬ್ಬೆಟ್ಟು.

"ನೋಡವ್ವಾ, ಇದು ಕೆಲಸ ಅಂದ್ರೆ!" ಅಂದರು. "ಈ ಸೋಮಾರಿ ಹೆಬ್ಬೆಟ್ಟಿಗೆ ಇದೇ ಸರಿ. ಒಂದು ವಿಮಾನ ತಗಳ್ಳಾನ."

ಜೋಳದ ರೊಟ್ಟಿ ತಗಳ್ಳಾನ ಅಂದಷ್ಟು ಸಲೀಸಾಗಿ ಅಂದರು! ನಮ್ಮೆಜಮಾನರು ತಲೆ ಚಚ್ಚಿಕೊಂಡರು.

"ಅಪ್ಪಾ, ಎಪ್ಪತ್ತರ ಹತ್ರ ಬಂತು ನಿಂಗೆ. ಆಟದ ಸಾಮಾನು ಯಾಕೆ?"

"ನೀನು ಮನೆಯಿಂದ ಬಸ್ ಸ್ಟ್ಯಾಂಡಿಗೆ ಬೈಕಲ್ಲಿ ಹೋಗ್ತೀಯಲ್ಲ, ಅದ್ಯಾವ ಸಾಮಾನು ಲೇ?"

ಮಾತು ಅಲ್ಲಿಗೆ ಮುಗಿಯಿತು. ಮಾವನವರು ಹಿಡಿದರೆ ಹಿಡಿದರೇ.

ಮೊಳಕಾಲ್ಮೂರಿನಲ್ಲಿ ನನ್ನ ತಮ್ಮನಿಗೆ ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿ ಇದೆ. ವೈರು ಕಂಡರೆ ಅವನಿಗೆ ಊಟ ಬೇಡ. ವಿಷಯ ಕೇಳಿದ್ದೇ ತಡ, ಬೆಂಗಳೂರಿನ ಅಂಗಡಿಯೊಂದರಿಂದ ವಿಮಾನಗಳ ಚಿತ್ರದ ಪುಸ್ತಕ ತರಿಸಿಕೊಂಡು ಓಡಿಬಂದ. ಮಾವನವರು ಅದನ್ನು ಮುಟ್ಟಲೂ ಇಲ್ಲ.

"ಫೋಟೋ ನೋಡಿ ಯಾರಾದ್ರೂ ಎತ್ತು ತಗಂತಾರೇನಲೇ?"

"ಮಾವನೋರೇ, ಇದು ಎತ್ತಲ್ಲ."

"ನಾನು ಹೇಳಿದಂಗೆ ಕೇಳಬೇಕಲ್ಲ? ಕೆಲಸ ಮಾಡಬೇಕಲ್ಲ? ಮತ್ತೆ ಎತ್ತೇ."

ಪಾಪ, ತಮ್ಮ ಅಂಗಡಿಯವರನ್ನು ಕಾಡಿಬೇಡಿ, ಬೇಡವಾದ್ದನ್ನು ವಾಪಸು ಕೊಡುವ ಮಾತಿನ ಮೇಲೆ ಎರಡು ವಿಮಾನಗಳನ್ನು ಮೊಳಕಾಲ್ಮೂರಿಗೆ ತಂದ. ನಾವು ಮೂವರೂ ಬಸ್ಸಿನಲ್ಲಿ ಹೋದೆವು. ನನ್ನ ತವರಿನ ಪಡಸಾಲೆಯಲ್ಲಿ ಚಾಪೆ ಹಾಸಿ ಎರಡನ್ನೂ ಕೂರಿಸಿದ್ದರು. ಬೀದಿಯಲ್ಲಿ ಮಗ್ಗದ ಸದ್ದು ನಿಂತೇಹೋಯಿತು. ಸೀರೆ ನೇಯುವವರೆಲ್ಲ ನಮ್ಮ ಮನೆಯಲ್ಲಿ!

ಒಂದು ಕೆಂಪಗೆ, ಮೊನಚು ಮೂತಿ. ರೆಕ್ಕೆ ಹೊಟ್ಟೆಯ ಕೆಳಗೆ ಚಪ್ಪಟೆಯಾಗಿ ಚಾಚಿತ್ತು. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತಿತ್ತು. ಇನ್ನೊಂದು ಬಿಳಿಯದು, ಥರ್ಮೋಕೋಲಿನಂಥ ಮೈ, ಗುಂಡು ಮೂತಿ. ರೆಕ್ಕೆಯನ್ನು ಬೆನ್ನ ಮೇಲಿಟ್ಟು ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದರು. ನನಗೆ ಅದು ಮೊರ ಹೊತ್ತುಕೊಂಡು ಹೊರಟ ಹೆಂಗಸಿನ ಹಾಗೆ ಕಂಡಿತು.

"ಎರ್ರದಿ ಬಾಗುಂದಿ!" ಅಂದರು ಪಕ್ಕದ ಮನೆಯ ತೆಲುಗು ಅಜ್ಜಿ. ಎಲ್ಲರದೂ ಅದೇ ಮಾತು, ಕೆಂಪೇ ಚೆನ್ನ. ನಮ್ಮೆಜಮಾನರೂ, "ತಗಳ್ಳೋದಾದ್ರೆ ಕೆಂಪುದು ತಗಳ್ಳಪ್ಪ, ನೋಡಕ್ಕಾದ್ರೂ ಚಂದ" ಅಂದರು. ನಿಜ ಹೇಳುತ್ತೇನೆ, ನನ್ನ ಕಣ್ಣೂ ಕೆಂಪಿನ ಮೇಲೇ ಇತ್ತು.

ಮಾವನವರು ಕುಕ್ಕರಗಾಲಿನಲ್ಲಿ ಕೂತರು. ಮೂತಿಯ ಫ್ಯಾನು ತಿರುಗಿಸಿ ಒಳಗೆ ಇಣುಕಿದರು. ಹಲ್ಲು ನೋಡಿದ್ದು ಅಂದೆನಲ್ಲ, ಅದೇ ಇದು! ಬೆನ್ನು ಸವರಿದರು, ಬಾಲ ಅಲ್ಲಾಡಿಸಿದರು. ದಾರ ಕಟ್ಟಿ ಪಡಸಾಲೆಯಲ್ಲಿ ಹತ್ತು ಹೆಜ್ಜೆ ನಡೆಸಿದರು. ನನ್ನ ಕೆನ್ನೆ ಬಿಸಿಯಾಯಿತು.

"ಇವುಗಳ ಗುಣ ಹೇಳಲೇ" ಅಂದರು ತಮ್ಮನಿಗೆ.

"ಕೆಂಪುದು ಬಲು ಜೋರು, ಮಾವನೋರೇ. ಆದ್ರೆ ಒಂದ್ ಕಡೆ ವಾಲಿಸಿದ್ರೆ ವಾಲಿಕೊಂಡೇ ಹೋಗ್ತದೆ, ನಾವೇ ಸರಿ ಮಾಡಬೇಕು. ಬಿಳೀದು ನಿಧಾನ. ಇದರ ರೆಕ್ಕೆ ಎರಡೂ ತುದಿ ಮೇಲಕ್ಕೆ ಎತ್ತಿಕೊಂಡೈತಲ್ಲ, ಕಡ್ಡಿ ಬಿಟ್ಟುಬಿಟ್ರೆ ತಾನೇ ನೆಟ್ಟಗಾಗ್ತದೆ. ಬಿದ್ರೆ ರೆಕ್ಕೆ ಕಳಚಿಕೊಳ್ತದೆ, ಮುರಿಯಲ್ಲ."

ಮಾವನವರು ಎದ್ದರು.

"ಉಳುಮೆ ಕಲಿಯೋನ ಕೈಗೆ ಯಾರಾದ್ರೂ ಹೋರಿ ಕೊಡ್ತಾರಾ? ಸಾಧು ಎತ್ತು ಕೊಡ್ತಾರೆ. ಇವನು ಸಾಲು ತಪ್ಪಿದ್ರೂ ಅದು ಸಾಲು ಬಿಡಬಾರದು. ಬಿಳೀದು ಕಟ್ಟು."

ತಮ್ಮ ತಡವರಿಸುತ್ತ ಇನ್ನೊಂದು ಮಾತು ಸೇರಿಸಿದ. "ಬಲಗಡೆ ಕಡ್ಡಿ ದಾರಿಗೆ, ಎಡಗಡೆದು ವೇಗಕ್ಕೆ. ಎಡಗಡೆದನ್ನ ನಾನು ಹಿಡ್ಕಂತೀನಿ ಬಿಡ್ರಿ, ನಿಮಗೆ ತ್ರಾಸ ಬೇಡ."

"ಅದನ್ನ ನೀನು ಹಿಡ್ಕಂಡ್ರೆ ನಂಗೆ ವಿಮಾನ ಯಾಕಲೇ? ಬಲಗೈಲಿ ಉಣ್ಣದು ನಂಗೆ ಬರ್ತದೆ."

ತಮ್ಮ ಕೆಂಪುದನ್ನು ವಾಪಸು ಕಳಿಸಲು ಕಟ್ಟಿಟ್ಟ.

ಆಮೇಲೆ ಒಂದು ತಿಂಗಳು ಅಭ್ಯಾಸ. ವಿಮಾನವಿಲ್ಲದೆ ಬರೀ ಡಬ್ಬಿ. ಕುತ್ತಿಗೆಗೆ ಪಟ್ಟಿ ಹಾಕಿ ಡಬ್ಬಿ ನೇತುಬಿಟ್ಟುಕೊಂಡು, ಎಡ ಹೆಬ್ಬೆಟ್ಟನ್ನು ಬಲಗೈಯಿಂದ ಎತ್ತಿ ಕಡ್ಡಿಯ ಮೇಲಿಟ್ಟು, "ನಡಿಯಲೇ, ನಡಿ" ಅನ್ನುತ್ತ ಕೂರುತ್ತಿದ್ದರು. ಮೊದಲ ವಾರ ಅದು ಜಾರಿ ಜಾರಿ ಬೀಳುತ್ತಿತ್ತು. ಮೂರನೆಯ ವಾರ ಕಡ್ಡಿ ಒಂದು ಕೂದಲೆಳೆಯಷ್ಟು ಮೇಲೆ ಹೋಯಿತು. ನಾನು ಅಡುಗೆಮನೆಯಲ್ಲೇ ಕೈಮುಗಿದೆ. ದೇವರ ಹತ್ತಿರ ದೊಡ್ಡದನ್ನು ಕೇಳುವ ಅಭ್ಯಾಸ ನನಗಿಲ್ಲ. ಕೂದಲೆಳೆ ಕೊಟ್ಟರೂ ಲೆಕ್ಕಕ್ಕೆ ಹಿಡಿಯುತ್ತೇನೆ.

ಹಾರಿಸುವ ದಿನ ಬಂತು. ಚಳ್ಳಕೆರೆಯ ಹೊರಗೆ ಶೇಂಗಾ ಕಿತ್ತ ಹೊಲ, ಗಾಳಿಯಿಲ್ಲದ ಬೆಳಗು. ತಮ್ಮ ಮಾವನವರ ಪಕ್ಕ ನಿಂತ. ನಮ್ಮೆಜಮಾನರು, "ನನ್ನನ್ನ ಎಳೀಬೇಡ್ರಿ ಇದಕ್ಕೆ" ಎಂದು ದೂರ ಬೇಲಿಯ ಹತ್ತಿರ ಬೈಕಿಗೆ ಒರಗಿಕೊಂಡರು. ವಿಮಾನ ಎಸೆಯುವುದಕ್ಕೆ ಉಳಿದವಳು ನಾನೊಬ್ಬಳೇ!

"ಅಕ್ಕಾ, ಎದೆ ಎತ್ತರಕ್ಕೆ ಹಿಡಿದು ನೆಟ್ಟಗೆ ತಳ್ಳು" ಅಂದ ತಮ್ಮ.

ಇಪ್ಪತ್ತು ಹೆಜ್ಜೆ ಮುಂದೆ ಹೋಗಿ ನಿಂತೆ. ಈಗ ನನ್ನ ತಪ್ಪನ್ನು ಹೇಳಬೇಕು. ನನ್ನ ತವರಿನ ಬೀದಿಯವರ ಕಣ್ಣೆಲ್ಲ ಬಿದ್ದ ವಿಮಾನ ಅದು. ಹೊಸ ಎತ್ತು ಮನೆಗೆ ಬಂದರೆ ಕರೀ ಉಣ್ಣೆದಾರ ಕಟ್ಟುವುದಿಲ್ಲವೇ? ಅಂಥದೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದೆ. ಯಾರೂ ನೋಡದಂತೆ ಬಾಲದ ಅಡಿಗೆ ಕಟ್ಟಿಬಿಟ್ಟೆ. ಬರೀ ದಾರವಾಗಿದ್ದರೆ ಏನೂ ಆಗುತ್ತಿರಲಿಲ್ಲ. ದಾರದ ತುದಿಗೆ ದೃಷ್ಟಿಗೆಂದು ಒಂದು ನಿಂಬೆಹಣ್ಣು! ಚಿಕ್ಕದೇ ಸ್ವಾಮಿ, ನಾನೇನು ತೆಂಗಿನಕಾಯಿ ಕಟ್ಟಿರಲಿಲ್ಲ.

ತಳ್ಳಿದೆ. ವಿಮಾನ ಮುಂದಕ್ಕೆ ಹೋಗುವ ಬದಲು ಮೂತಿಯೆತ್ತಿ ನೇರ ಕೈಲಾಸಕ್ಕೆ ಹೊರಟಿತು. ಅಲ್ಲೇ ಒಂದು ಕ್ಷಣ ತೂಗಾಡಿ, ಬಾಲ ಕೆಳಗಾಗಿ ದೊಪ್ಪೆಂದು ಬಿತ್ತು. ರೆಕ್ಕೆ ಒಂದು ಕಡೆ, ಮೈ ಒಂದು ಕಡೆ. ನಿಂಬೆಹಣ್ಣು ದಾರದ ಸಮೇತ ಎಲ್ಲಿ ಹಾರಿತೋ, ಯಾರ ಕಣ್ಣಿಗೂ ಬೀಳಲಿಲ್ಲ.

"ಏನೂ ಮುರಿದಿಲ್ಲ, ಮಾವನೋರೇ! ಇನ್ನೊಂದ್ಸಲ..." ಎಂದು ತಮ್ಮ ಓಡಿದ.

ಮಾವನವರು ಕುತ್ತಿಗೆಯಿಂದ ಪಟ್ಟಿ ತೆಗೆದು ಡಬ್ಬಿಯನ್ನು ನೆಲದ ಮೇಲಿಟ್ಟರು.

"ಬ್ಯಾಡ. ಎತ್ತಿಂದಲ್ಲ ತಪ್ಪು, ಕೈದು. ಈ ಕೈ ಸತ್ತೋಗೈತೆ. ನಡ್ರಿ ಮನೆಗೆ."

ಬೈಗುಳವಿಲ್ಲ, ಕೂಗಿಲ್ಲ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆ ಕೈ ಉಳಿಯುತ್ತಿರಲಿಲ್ಲ.

"ಮಾವ, ಬಾಲಕ್ಕೆ ನಿಂಬೆಹಣ್ಣು ಕಟ್ಟಿದ್ದೆ" ಅಂದೆ.

"ಏನು?"

"ದೃಷ್ಟಿ ಆಗಬಾರದು ಅಂತ. ಭಾರಕ್ಕೆ ಹಿಂದಕ್ಕೆ ಎಳೀತು. ನಿಮ್ಮ ಕೈದಲ್ಲ ತಪ್ಪು, ನಂದು."

ತಮ್ಮ ಹಣೆ ಹಿಡಿದುಕೊಂಡ. "ಅಕ್ಕಾ! ಬಾಲಕ್ಕೆ ಒಂದು ತೊಲ ಹೆಚ್ಚಾದ್ರೂ ಅದು ಹಾರಲ್ಲ! ನಿಂಬೆಹಣ್ಣೇನೇ?"

ಮಾವನವರು ನನ್ನನ್ನೇ ನೋಡಿದರು. ಬೈಗುಳ ಬಂತು! ನನ್ನ ತವರು, ನನ್ನ ಭಕ್ತಿ, ನನ್ನ ಬುದ್ಧಿ, ಒಂದನ್ನೂ ಬಿಡಲಿಲ್ಲ. ಮಂಗಳಾರತಿಗೆ ನಿಂತವಳ ಹಾಗೆ ಕಣ್ಣುಮುಚ್ಚಿ ಅಷ್ಟನ್ನೂ ಕೇಳಿಸಿಕೊಂಡೆ. ಬೈಯುತ್ತಲೇ ಬಗ್ಗಿ ಡಬ್ಬಿ ಎತ್ತಿಕೊಂಡರು.

"ಇನ್ನೊಂದ್ಸಲ ತಳ್ಳು. ಏನೂ ಕಟ್ಟಬ್ಯಾಡ, ನಿನ್ನ ಕೈ ಮುಗೀತೀನಿ!"

ತಮ್ಮ ಹೊಸ ರಬ್ಬರ್ ಬ್ಯಾಂಡು ಹಾಕಿ ರೆಕ್ಕೆ ಕಟ್ಟಿಕೊಟ್ಟ.

ತಳ್ಳಿದೆ. ಮೋಟಾರು ಗುಂಯ್ ಅಂದಿತು, ವಿಮಾನ ತಗ್ಗಿ, ಸುಧಾರಿಸಿಕೊಂಡು, ಮೇಲಕ್ಕೆ ಹೋಯಿತು. ಮಾವನವರು ಗಾಬರಿಯಲ್ಲಿ ಒಂದು ಕಡೆಗೆ ವಾಲಿಸಿದರು. "ಬಲಗಡೆ ಕಡ್ಡಿ ಬಿಡ್ರಿ!" ಎಂದು ತಮ್ಮ ಕೂಗಿದ. ಬಿಟ್ಟರು. ಅದು ತಾನೇ ನೆಟ್ಟಗಾಗಿ ಸಾಲು ಹಿಡಿಯಿತು. ಬೇಲಿಯ ಹತ್ತಿರವಿದ್ದ ನಮ್ಮೆಜಮಾನರು ಬೈಕು ಬಿಟ್ಟು ಓಡಿಬರುತ್ತಿದ್ದರು.

ಮೇಲೆ ಹೋದದ್ದು ಇಳಿಯಬೇಕಲ್ಲ! ಇಳಿಸಬೇಕಾದರೆ ಎಡ ಹೆಬ್ಬೆಟ್ಟು ಕಡ್ಡಿಯನ್ನು ಚೂರು ಚೂರೇ ಹಿಂದಕ್ಕೆಳೆಯಬೇಕು. ಒಮ್ಮೆಗೇ ಎಳೆದರೆ ಮುಗಿಯಿತು. ತಮ್ಮ ಕೈ ಚಾಚಿದ.

"ಕೈ ತಗಿಯಲೇ!"

ಹೆಬ್ಬೆಟ್ಟು ನಡುಗುತ್ತಿತ್ತು. ಹಣೆಯ ಬೆವರು ರೆಪ್ಪೆಗೆ ಇಳಿದರೂ ಅವರು ಕಣ್ಣು ಮಿಟುಕಿಸಲಿಲ್ಲ. ಕಡ್ಡಿ ಅಕ್ಕಿಕಾಳಿನಷ್ಟು ಕೆಳಗೆ ಬಂತು. ನಿಂತಿತು. ಮತ್ತೊಂದು ಕಾಳಿನಷ್ಟು. ಮೋಟಾರಿನ ದನಿ ತಗ್ಗಿತು. ವಿಮಾನ ನಮ್ಮ ತಲೆ ದಾಟಿ, ಹೊಲದ ಮಣ್ಣು ಸವರಿ, ಎರಡು ಸಲ ಕುಪ್ಪಳಿಸಿ, ನಿಂತಿತು.

ತಮ್ಮನೂ ನಮ್ಮೆಜಮಾನರೂ ಕೂಗುತ್ತ ವಿಮಾನದ ಕಡೆ ಓಡಿದರು. ಮಾವನವರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಬದುವಿನ ಮೇಲೆ ಕೂತು, ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ನೊಗ ಬಿಚ್ಚಿದ ಮೇಲೆ ಎತ್ತಿನ ಕುತ್ತಿಗೆ ತಿಕ್ಕುತ್ತಾರಲ್ಲ, ಹಾಗೆ ಬಲಗೈಯಿಂದ ಅದನ್ನು ಮೆಲ್ಲಗೆ ತಿಕ್ಕುತ್ತಿದ್ದರು.

"ಸಾಕು ಕಣಪ್ಪಾ, ಸಾಕು. ದಣಿದೀಯ" ಅನ್ನುತ್ತಿದ್ದರು.

ನಮ್ಮಲ್ಲಿ ಯಾರ ಜೊತೆಗೂ ಅವರು ಆ ದನಿಯಲ್ಲಿ ಮಾತಾಡಿದ್ದಿಲ್ಲ. ನನಗೆ ಕೇಳಿಸಿತೆಂದು ಗೊತ್ತಾಗಬಾರದು ಎಂದು, ನಾನು ಅತ್ತ ತಿರುಗಿ ಮೊದಲ ಸಲ ಬಿದ್ದಾಗ ಸಿಡಿದಿದ್ದ ರಬ್ಬರ್ ಬ್ಯಾಂಡನ್ನು ಹೊಲದಲ್ಲಿ ಹುಡುಕುತ್ತ ನಿಂತೆ.