ನಾಲ್ಕು ಮೂಲೆ, ತೊಂಬತ್ತು ಡಿಗ್ರಿ

ನಾನು ಹೆಚ್ಚು ಮಾತಾಡುವವನಲ್ಲ. ಬಹುಶಃ ಅದಕ್ಕೇ ಇಂಥ ಪ್ರಸಂಗಗಳು ನನ್ನ ಮುಂದೆಯೇ ಬಂದು ನಡೆಯುತ್ತವೆ. ಕೈಯಲ್ಲಿ ಕ್ಯಾಮೆರಾ ಬೇರೆ ಇದ್ದರಂತೂ ಕೇಳುವುದೇ ಬೇಡ, ಹುಡುಕಿಕೊಂಡು ಬರುತ್ತವೆ.

ಕುಂಬಳಕಾಯಿ, ಕಡಲೆಕಾಯಿ

ಶುರುವಾದದ್ದು ಅಡಿಲೇಡ್‌ನಿಂದ ಬಂದ ಒಂದು ಫೋನಿನಿಂದ. ಮಾತಾಡಿದವರು ನನ್ನ ಹಳೆಯ ಸ್ನೇಹಿತನ ತಾಯಿ. ಸ್ನೇಹಿತ ಅಲ್ಲಿನ ಬೆಡ್‌ಫರ್ಡ್ ಪಾರ್ಕ್‌ನಲ್ಲಿ ಹೃದಯದ ಡಾಕ್ಟರು. ಆಂಟಿ ಮೈಸೂರು ಶೈಲಿಯಲ್ಲಿ ಚಿತ್ರ ಬರೆಯುವವರು. ಚಿನ್ನದ ರೇಕು ಅಂಟಿಸಿ, ಎರಡು ವರ್ಷ ಕೂತು, ಬೆಣ್ಣೆ ಹಿಡಿದ ಅಂಬೆಗಾಲು ಕೃಷ್ಣನನ್ನು ಬರೆದು ಮುಗಿಸಿದ್ದರು. ಅದನ್ನು ಮೊಮ್ಮಗಳ ಮದುವೆಗೆ ಕೊಡುವುದೆಂದು ನಿಶ್ಚಯ. ಮೊಮ್ಮಗಳು ಹೋಗುವುದು ಕೆನಡಾಕ್ಕೆ. ಕೃಷ್ಣನೂ ಜೊತೆಗೆ.

"ಇನ್ನೊಂದು ಬರಿಯೋಕೆ ಈ ನಡುಗೋ ಕೈಲಿ ಆಗಲ್ಲಪ್ಪ. ಅದೇ ಅಳತೆದು ಒಂದು ಫೋಟೋ ಆ ಮೊಳೆ ಮೇಲೆ ಇದ್ರೆ ಸಾಕು. ಬರಿ ಗೋಡೆ ನೋಡ್ಕೊಂಡು ಕೂರಕ್ಕಾಗಲ್ಲ ನಂಗೆ" ಅಂದರು.

"ಮಗ ತೆಗೀಲಿಲ್ವಾ?"

"ತೆಗೆದ. ಸೋಫಾಗೆ ಒರಗಿಸಿ, ಮೇಲಿಂದ ಬಗ್ಗಿ, ಫೋನಲ್ಲಿ. ಕೃಷ್ಣನ ತಲೆ ಕುಂಬಳಕಾಯಿ, ಕಾಲು ಕಡಲೆಕಾಯಿ. ಹೃದಯದ ಡಾಕ್ಟರಲ್ವಾ, ಒಳಗಿಂದು ನೋಡಿ ಅಭ್ಯಾಸ. ಹೊರಗಿಂದು ಕಾಣಲ್ಲ ಅವನಿಗೆ."

ಮೂರು ವಾರದಲ್ಲಿ ಬರುತ್ತೇನೆ ಎಂದು ಒಪ್ಪಿಕೊಂಡೆ. ಆಮೇಲೆ ಭಯವಾಯಿತು. ನಾನು ಅದುವರೆಗೆ ತೆಗೆದಿದ್ದು ಪರ್ತ್‌ನ ನದಿ ದಂಡೆಯ ಹಕ್ಕಿಗಳನ್ನು. ಮೂಲೆ ತೊಂಬತ್ತು ಡಿಗ್ರಿ ಇಲ್ಲ ಎಂದು ಹಕ್ಕಿಗಳು ಯಾವತ್ತೂ ದೂರಿದ್ದಿಲ್ಲ.

ಒಳಗೆ ಯಾರು?

ಅಭ್ಯಾಸಕ್ಕೆ ಒಂದು ಚಿತ್ರ ಬೇಕಿತ್ತು. ಪರ್ತ್‌ನಲ್ಲೇ, ಬೆಂಟ್ಲಿಯಲ್ಲಿ ಓದುವ ಮೈಸೂರಿನ ಹುಡುಗಿಯೊಬ್ಬಳು ದೊಡ್ಡ ಕ್ಯಾನ್ವಾಸ್ ಬರೆದಿದ್ದಳು. ನಾಲ್ಕು ಜನ ಹಂಚಿಕೊಂಡ ಬಾಡಿಗೆ ಮನೆ ಅವಳದ್ದು.

ಓದಿ ತಿಳಿದದ್ದು ಇಷ್ಟು: ಹತ್ತಿರ ನಿಂತರೆ ಚಿತ್ರ ಸೊಟ್ಟಗಾಗುತ್ತದೆ, ದೂರ ನಿಂತು ಉದ್ದ ಲೆನ್ಸ್‌ನಲ್ಲಿ ತೆಗೆಯಬೇಕು. ಆ ಮನೆಯಲ್ಲಿ ದೂರ ಎನ್ನುವುದು ಇದ್ದದ್ದು ಒಂದೇ ಕಡೆ. ನಡುವಿನ ಕಾರಿಡಾರ್. ಅದರ ಒಂದು ತುದಿಯ ಗೋಡೆಗೆ ಚಿತ್ರ ನಿಲ್ಲಿಸಿದೆವು. ಹಿಂದೆ ಹಿಂದೆ ಸರಿಯುತ್ತಾ ಹೋದೆ. ಇನ್ನೊಂದು ತುದಿಯಲ್ಲಿ ಟಾಯ್ಲೆಟ್ ಇತ್ತು. ಟ್ರೈಪಾಡ್‌ನ ಎರಡು ಕಾಲು ಬಾಗಿಲಲ್ಲಿ, ಒಂದು ಕಾಲು ಕಮೋಡಿನ ಪಕ್ಕದಲ್ಲಿ, ನಾನು ಮುಚ್ಚಿದ ಕಮೋಡಿನ ಮೇಲೆ. ಅಷ್ಟರಲ್ಲಿ ರಾತ್ರಿ ಪಾಳಿ ಮುಗಿಸಿ ಅವರ ಮನೆಯ ಇನ್ನೊಬ್ಬ ವಿದ್ಯಾರ್ಥಿ ಬಂದ. ಪೆಟ್ರೋಲ್ ಬಂಕಿನಲ್ಲಿ ಕೆಲಸ ಅವನಿಗೆ, ಇಲ್ಲಿಯವರ ಬಾಯಲ್ಲಿ ಅದು ಸರ್ವೋ.

"ಟಾಯ್ಲೆಟ್ ಖಾಲಿ ಇದ್ಯಾ?" ಎಂದು ಹುಡುಗಿಯನ್ನು ಕೇಳಿದ.

"ಇಲ್ಲ, ಅಂಕಲ್ ಇದ್ದಾರೆ."

"ಎಷ್ಟೊತ್ತಾಗುತ್ತೆ?"

"ಬೆಳಕು ಸರಿಹೋಗೋವರೆಗೂ."

ಅವನು ಕಾರಿಡಾರಿನಲ್ಲಿ ಇಣುಕಿದ. ನಾನು ಕೂತಲ್ಲಿಂದಲೇ ಕೈ ಎತ್ತಿ, "ಅಲ್ಲಾಡ್ಬೇಡಿ, ನೆಲ ನಡುಗಿದ್ರೆ ಫೋಟೋ ಕೆಡುತ್ತೆ" ಅಂದೆ. ಒಂದು ಕ್ಷಣ ನಿಂತು ನೋಡಿ, ಅವನು ತುದಿಗಾಲಲ್ಲಿ ಹೊರಗೆ ಹೋಗಿ, ಆಗಷ್ಟೇ ಬಿಟ್ಟು ಬಂದಿದ್ದ ಸರ್ವೋಗೇ ವಾಪಸ್ ಓಡಿದ. ಪಾಳಿ ಮುಗಿದ ಮೇಲೂ ಇಷ್ಟು ಅವಸರದಲ್ಲಿ ಮರಳಿ ಬಂದವನನ್ನು ತಾನು ನೋಡೇ ಇಲ್ಲ ಎಂದು ಮ್ಯಾನೇಜರ್ ಬೆನ್ನು ತಟ್ಟಿದನಂತೆ.

ಮಂಟಪ ಯಾಕೆ ವಾಲಿದೆ

ಮುಂದಿನ ವಾರ ಆಫೀಸ್ ಕೆಲಸದ ಮೇಲೆ ಬ್ರಿಸ್ಬೇನ್‌ಗೆ ಹೋದೆ. ಅಲ್ಲಿನ ಫಾರೆಸ್ಟ್ ಲೇಕ್‌ನಲ್ಲಿ ಪರಿಚಯದ ದಂಪತಿ ಇದ್ದಾರೆ. ಗಂಡ ಸಿವಿಲ್ ಇಂಜಿನಿಯರ್, ಹೆಂಡತಿ ಬಿಡುವಿನಲ್ಲಿ ಚಿತ್ರ ಬರೆಯುತ್ತಾರೆ. ಹಾಲ್‌ನಲ್ಲಿ ಆಕೆ ಬರೆದ ಕಲ್ಲಿನ ಮಂಟಪದ ಚಿತ್ರವೊಂದು ತೂಗುತ್ತಿತ್ತು. ಇನ್ನೊಂದು ಅಭ್ಯಾಸವಾಗಲಿ ಎಂದು, ಅದರ ಫೋಟೋ ತೆಗೆಯಲೇ ಅಂತ ನಾನೇ ಕೇಳಿದೆ.

ಇಷ್ಟರಲ್ಲಿ ಹೊಸ ಉಪಾಯ ಕಲಿತಿದ್ದೆ. ಚಿತ್ರದ ಮಧ್ಯಕ್ಕೆ ಒಂದು ಕನ್ನಡಿಯನ್ನು ಒತ್ತಿ ಹಿಡಿಯಬೇಕು. ಕ್ಯಾಮೆರಾದಲ್ಲಿ ನೋಡಿದಾಗ ಲೆನ್ಸ್ ತನ್ನ ಮುಖವನ್ನೇ ನಟ್ಟನಡುವೆ ಕಂಡರೆ ನೇರವಾಗಿ ನಿಂತಿದ್ದೇವೆ ಎಂದರ್ಥ. ಗಂಡ ಕನ್ನಡಿ ಹಿಡಿದರು. ಮಟ್ಟ ನೋಡುವ ಅವರದ್ದೇ ಲೆವೆಲ್ ಪಟ್ಟಿ ತಂದು ಟ್ರೈಪಾಡ್, ಚೌಕಟ್ಟು, ಗೋಡೆ, ಕೊನೆಗೆ ಕಾಫಿ ಟೇಬಲ್ಲನ್ನೂ ಪರೀಕ್ಷಿಸಿದರು. ಫೋಟೋ ತೆಗೆದು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದೆ. ಚೌಕಟ್ಟು ಗೆರೆ ಎಳೆದಂತೆ ನೇರ. ಒಳಗಿನ ಮಂಟಪ ಮಾತ್ರ ಬಲಕ್ಕೆ ವಾಲಿತ್ತು.

ಗಂಡ ಎದ್ದು ನಿಂತರು. "ಆರು ವರ್ಷದಿಂದ ಹೇಳ್ತಿದ್ದೀನಿ, ಕಂಬ ವಾಲಿದೆ ಅಂತ! 'ನೀವು ಸೋಫಾದ ಆ ಮೂಲೇಲಿ ಕೂತು ನೋಡ್ತೀರ, ಅದಕ್ಕೇ ಹಾಗೆ ಕಾಣುತ್ತೆ' ಅಂತಿದ್ಲು ಇವಳು. ಈಗ?"

"ಕ್ಯಾಮೆರಾ ಸೊಟ್ಟಗಿದೆ" ಎಂದರು ಹೆಂಡತಿ.

"ಲೆವೆಲ್ ನಾನೇ ಇಟ್ಟಿದ್ದು!"

ಇಬ್ಬರೂ ನನ್ನ ಕಡೆ ತಿರುಗಿದರು. ಅಡುಗೆಮನೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಯೋಚಿಸಿ ಹೇಳಿದೆ: "ಕ್ಯಾಮೆರಾ ನೇರ ಇದೆ. ಚಿತ್ರವೂ ಇದ್ದದ್ದು ಇದ್ದ ಹಾಗೆ ಇದೆ. ಆ ಮಂಟಪ ಕಟ್ಟಿದವರೇ ಹಾಗೆ ಕಟ್ಟಿರಬಹುದು."

ಹೆಂಡತಿಯ ಮುಖ ಅರಳಿತು. ಗಂಡನ ಕಡೆ ನೋಡಿ, "ಕೇಳಿದ್ರಾ? ನಿಮ್ಮ ಸಿವಿಲ್ ಇಂಜಿನಿಯರ್‌ಗಳ ಹಣೆಬರಹ ಆಗಿಂದಲೂ ಇಷ್ಟೇ" ಎಂದು, ನನಗೆ ಎರಡು ಸೌಟು ಹೆಚ್ಚು ಬಡಿಸಿದರು.

ಸೀರೆಯೊಳಗೆ

ಕೊನೆಗೂ ಅಡಿಲೇಡ್. ಶನಿವಾರ ಬೆಳಗ್ಗೆ ಹೋದೆ. ಚಿತ್ರವನ್ನು ಪ್ಯಾಕ್ ಮಾಡುವವರು ಅದೇ ದಿನ ನಾಲ್ಕು ಗಂಟೆಗೆ ಬರುವವರಿದ್ದರು. ಎರಡನೆಯ ಅವಕಾಶ ಇರಲಿಲ್ಲ.

ಅಳತೆ, ಕನ್ನಡಿ, ಎರಡೂ ಪಕ್ಕದಿಂದ ದೀಪ, ಎಲ್ಲ ಸರಿಯಾಯಿತು. ತೊಂದರೆ ಕೊಟ್ಟದ್ದು ಚಿನ್ನ. ಕೃಷ್ಣನ ಕಿರೀಟ, ಹಾರ, ಬಳೆ, ಎಲ್ಲದರಲ್ಲೂ ನನ್ನ ಬಿಳಿ ಶರ್ಟು ಹೊಳೆಯುತ್ತಿತ್ತು. ಕಪ್ಪು ಬಟ್ಟೆ ಹೊದ್ದು ನಿಂತರೆ ಆ ಹೊಳಪು ಹೋಗುತ್ತದೆ. ಕೇಳಿದೆ.

"ಕೃಷ್ಣನ ಮುಂದೆ ಕರಿ ಬಟ್ಟೆಯಾ? ಮಗೂನ ಮನೆಯಿಂದ ಕಳಿಸೋ ದಿನ?" ಎಂದು ಆಂಟಿ ಎದ್ದೇಬಿಟ್ಟರು. ಬೀರು ತೆಗೆದು ಬಹಳ ಹುಡುಕಿ, ಕಪ್ಪು ಎನ್ನಲಾಗದ, ನೀಲಿ ಎನ್ನಲೂ ಆಗದ ಒಂದು ರೇಷ್ಮೆ ಸೀರೆ ತಂದರು. "ಇದು ಕಡು ನೀಲಿ. ಮೇಘಶ್ಯಾಮನ ಬಣ್ಣ. ಅವನೇನೂ ಅಂದ್ಕೊಳಲ್ಲ" ಎಂದು ನನ್ನ ತಲೆಯಿಂದ ಕಾಲಿನವರೆಗೆ ಹೊದಿಸಿ, ನೈವೇದ್ಯಕ್ಕೆ ಇಡಲು ಒಳಗೆ ಹೋದರು.

ಆಗ ಡ್ಯೂಟಿ ಮುಗಿಸಿ ಸ್ನೇಹಿತ ಬಂದ. ಪರದೆ ಎಳೆದ ಕೋಣೆ. ನಡುವೆ ತಾಯಿಯ ಸೀರೆ, ಮುಸುಕು ಹಾಕಿಕೊಂಡು, ಬಗ್ಗಿ ನಿಂತಿದೆ.

"ಅಮ್ಮಾ, ಬೇಜಾರ್ ಮಾಡ್ಕೋಬೇಡ" ಎಂದು ಮೆಲ್ಲಗೆ ಬಂದು ಹೆಗಲ ಮೇಲೆ ಕೈಯಿಟ್ಟ.

"ಮಾಡ್ಕೊಂಡಿಲ್ಲ, ಸ್ವಲ್ಪ ಆ ಕಡೆ ಸರೀತೀಯಾ" ಅಂದೆ. ಹೃದಯದ ಡಾಕ್ಟರು ಎದೆ ಹಿಡಿದುಕೊಂಡು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊಳೆಯ ಮೇಲೆ

ನಾಲ್ಕಕ್ಕೆ ಚಿತ್ರ ಹೋಯಿತು. ಆಂಟಿ ಬಾಗಿಲವರೆಗೂ ಹೋಗಿ ನಿಂತರು. ಆ ರಾತ್ರಿ ಕಂಪ್ಯೂಟರಿನ ಮುಂದೆ ಕೂತು ಒಂದೊಂದು ಚುಕ್ಕೆಯನ್ನೂ ಪರೀಕ್ಷಿಸಿದೆ. ಕೃಷ್ಣನ ಎಡಗೆನ್ನೆಯ ಮೇಲೆ ಒಂದು ಕಪ್ಪು ಕಣ ಕಂಡಿತು. ಧೂಳು. ಅಳಿಸಿದೆ. ಸೋಮವಾರ ಅದೇ ಅಳತೆಯಲ್ಲಿ ಪ್ರಿಂಟ್ ಮಾಡಿಸಿ, ಕಟ್ಟು ಹಾಕಿಸಿ, ಮಧ್ಯಾಹ್ನ ತಂದು ಮೊಳೆಗೆ ತೂಗುಹಾಕಿದೆ.

ಸ್ನೇಹಿತ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆದ. "ನಾಲ್ಕು ಮೂಲೇನೂ ತೊಂಬತ್ತು ಡಿಗ್ರಿ. ಪರ್ಫೆಕ್ಟ್!"

ಆಂಟಿ ಕನ್ನಡಕ ಒರೆಸಿ ಹತ್ತಿರ ಹೋದರು. ಕಿರೀಟ ನೋಡಿದರು, ಬೆಣ್ಣೆ ನೋಡಿದರು, ಮುಖದ ಹತ್ತಿರ ನಿಂತೇಬಿಟ್ಟರು.

"ಬೊಟ್ಟೆಲ್ಲಿ?" ಅಂದರು.

"ಯಾವ ಬೊಟ್ಟು ಆಂಟಿ?"

"ದೃಷ್ಟಿಬೊಟ್ಟು. ಕೆನ್ನೆ ಮೇಲೆ ಇಟ್ಟಿದ್ನಲ್ಲ. ಅಷ್ಟು ದೂರ ಹೊರಟಿರೋ ಮಗು ಅಂತ, ನೀನು ಬಂದ ದಿನ ಬೆಳಗ್ಗೇನೇ."

"ಧೂಳು ಅಂತ... ತೆಗೆದುಬಿಟ್ಟೆ."

ಸ್ನೇಹಿತ ಸೂರು ನೋಡತೊಡಗಿದ. ಆಂಟಿ ಒಳಗೆ ಹೋದರು. ಬಂದಾಗ ಕಾಡಿಗೆ ಡಬ್ಬಿ ಕೈಯಲ್ಲಿತ್ತು. ಬೆರಳು ನಡುಗುತ್ತಿತ್ತು. ಒತ್ತಿದರು. ಬೊಟ್ಟು ಕೆನ್ನೆ ತಪ್ಪಿ ಹೆಚ್ಚುಕಡಿಮೆ ಕಿವಿಯ ಹತ್ತಿರ, ಅವರೇಕಾಳಿನಷ್ಟು ದಪ್ಪಗೆ ಕೂತಿತು.

"ಅಮ್ಮಾ, ಸೊಟ್ಟ ಆಯ್ತು!" ಎಂದು ಮಗ ಕೂಗಿದ. "ಇವನು ಮೂರು ವಾರ ಒದ್ದಾಡಿ ಅಷ್ಟು ನೇರ ಮಾಡಿದ್ದು!"

ಆಂಟಿ ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ, ತೃಪ್ತಿಯಿಂದ ನೋಡಿದರು. "ಈಗ ನಂದು ಅನ್ನಿಸ್ತು. ನಾಲ್ಕು ಮೂಲೆನೂ ಅಷ್ಟು ಸರಿಯಾಗಿದ್ರೆ ದೃಷ್ಟಿ ಆಗದೆ ಇರುತ್ತೇನೋ?"

ಆಮೇಲೆ ನನ್ನ ಕಡೆ ತಿರುಗಿದರು. ಕಾಡಿಗೆ ಬೆರಳು ಇನ್ನೂ ಚಾಚಿಯೇ ಇತ್ತು. "ಎಷ್ಟು ಚೆನ್ನಾಗಿ ತೆಗಿಯುತ್ತಪ್ಪ ನಿನ್ನ ಕ್ಯಾಮೆರಾ. ತಾ ಇಲ್ಲಿ, ಅದರ ಆ ಗುಂಡು ಕಣ್ಣಿಗೂ ಒಂದು ಇಡ್ತೀನಿ."